ಅಗೆಯುವ ಮುನ್ನ ನೋಡುವ ಧರ್ಮ

ವಿಜಯಪುರ ನಗರಕ್ಕೆ ಬಹುಕಾಲ ನೀರುಣಿಸಿದ ಭೂತನಾಳ ಕೆರೆಯ ಸುತ್ತಲ ನೆಲವು ಬಿಜಾಪುರ ಸೀಮೆಯ ಭೂಗುಣಕ್ಕೆ ಒಳ್ಳೆಯ ಮಾದರಿ. ತಗ್ಗಿನಲ್ಲಿ ಎರೆ, ಏರಿನಲ್ಲಿ ಮಡ್ಡಿ. ಮಡ್ಡಿಯ ತೆಳುಮಣ್ಣಿನ ಕೆಳಗೆ ಗರಸು, ಗರಸಿನ ಕೆಳಗೆ ಕರಿಕಲ್ಲು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಈ ಕರಿಕಲ್ಲು. ಅದು ಬಿಸಿಲು ಮಳೆಗಳಿಗೆ ಸಿಕ್ಕಿ ಸಡಿಲಗೊಂಡಾಗ ಗರಸಾಗುತ್ತದೆ. ಮತ್ತೂ ಸವೆದು ನುಣುಪಾದಾಗ ಎರೆಯಾಗುತ್ತದೆ. 1656ರ ಹೊತ್ತಿಗೆ ಕಟ್ಟಿ ಮುಗಿದ ಗೋಳಗುಮ್ಮಟವೂ ಇದೇ ಕರಿಕಲ್ಲಿನದು. ಕೋಟೆ, ಮಸೀದಿ, ಬಾವಡಿ, ಬಸದಿ, ಬಡವನ ಮನೆಯ ತಳಪಾಯ ಎಲ್ಲಕ್ಕೂ ಈ ನೆಲವೇ ಕಲ್ಲು ಕೊಟ್ಟಿದೆ.

ಇಂದು ಬೇಡಿಕೆಯ ಪ್ರಮಾಣ ಬೇರೆ. ಹೆದ್ದಾರಿಗೆ ಗರಸು ಬೇಕು, ಕಾಂಕ್ರೀಟಿಗೆ ಖಡಿ ಬೇಕು, ಬಡಾವಣೆಗಳಿಗೆ ನೆಲ ಸಮಮಾಡಬೇಕು. ನಗರ ಬೆಳೆದಂತೆ ತಿಕೋಟಾ, ಬಬಲೇಶ್ವರಗಳ ಕಡೆಗೂ ಈ ಅಗತ್ಯ ಹಬ್ಬುತ್ತದೆ. ಹಿಂದೆ ಉಳಿ ಸುತ್ತಿಗೆಗಳಿಂದ ಒಂದು ತಲೆಮಾರಿನಲ್ಲಿ ಕರಗುತ್ತಿದ್ದ ದಿಬ್ಬ ಈಗ ಯಂತ್ರಕ್ಕೆ ಕೆಲವು ದಿನಗಳ ಕೆಲಸ. ಈ ವೇಗ ಇತಿಹಾಸಕಾರನಿಗೂ ಶ್ರಾವಕನಿಗೂ ಒಂದೇ ಪ್ರಶ್ನೆಯನ್ನು ಒಡ್ಡುತ್ತದೆ: ನೆಲವನ್ನು ಅಗೆಯುವುದು ಅನಿವಾರ್ಯವೇ ಆದಾಗ, ಅಗೆಯುವ ಮುನ್ನ ನೆರವೇರಿಸಬೇಕಾದ ಕರ್ತವ್ಯವೇನಾದರೂ ಉಂಟೆ?

ಗರಸಿನೊಳಗಿನ ಚರಿತ್ರೆ

ಗರಸಿನ ಪದರವೆಂದರೆ ಬರಿಯ ಹರಳುಗಳ ರಾಶಿಯಾಗಿರಬೇಕೆಂದಿಲ್ಲ. ಇದಕ್ಕೆ ಬಾಗಲಕೋಟೆಯನ್ನೂ ಒಳಗೊಂಡಿದ್ದ ಹಳೆಯ ಬಿಜಾಪುರ ಜಿಲ್ಲೆಯಲ್ಲಿಯೇ ಸಾಕ್ಷ್ಯವಿದೆ. ಮಲಪ್ರಭಾ ನದಿಯ ದಂಡೆಗಳಲ್ಲಿ ತೆರೆದುಕೊಂಡ ಹರಳುಗಲ್ಲಿನ ಪದರಗಳನ್ನು ಅಭ್ಯಾಸಮಾಡಿದ ಆರ್. ವಿ. ಜೋಶಿಯವರು 1955ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಆ ಪದರಗಳಲ್ಲಿ ಹಳೆಯ ಶಿಲಾಯುಗದ ಕೈಗೊಡಲಿಗಳೂ ಸೀಳುಗತ್ತಿಗಳೂ ದೊರೆತಿದ್ದವು. ಪುಣೆಯ ಡೆಕ್ಕನ್ ಕಾಲೇಜಿನ ಆರ್. ಎಸ್. ಪಪ್ಪು ಅವರು ಘಟಪ್ರಭೆಯ ದಂಡೆಯ ಅನಗವಾಡಿ ಮೊದಲಾದೆಡೆಗಳಲ್ಲಿ ಇದೇ ಶೋಧವನ್ನು ಮುಂದುವರಿಸಿದರು. ಮೇಲ್ನಾಡ ಕೃಷ್ಣಾ ಕೊಳ್ಳವನ್ನು ಕುರಿತ ಅವರ ಗ್ರಂಥ 1974ರಲ್ಲಿ ಹೊರಬಂದಿತು. ರಸ್ತೆಗೆ ಹಾಸುವ ಹರಳಿಗೂ ಮಾನವನು ತನ್ನ ಕೈಯಿಂದ ರೂಪಿಸಿದ ಆಯುಧಕ್ಕೂ ವ್ಯತ್ಯಾಸವನ್ನು ಅರಿತ ಕಣ್ಣುಗಳು ಅಲ್ಲಿಗೆ ಹೋದುದರಿಂದ ಮಾತ್ರ ಆ ಚರಿತ್ರೆ ಉಳಿಯಿತು.

ನೆರೆಯ ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನ ಇಸಾಂಪುರದ ಕಥೆ ಇನ್ನೂ ಸ್ವಾರಸ್ಯವಾದುದು. ನೀರಾವರಿ ಕಾಲುವೆಯ ಕೆಲಸಕ್ಕೆಂದು ಅಲ್ಲಿಯ ಮೇಲ್ಮಣ್ಣನ್ನು ತೆಗೆದಾಗ ಅಡಿಯಲ್ಲಿದ್ದ ಸುಣ್ಣಗಲ್ಲಿನ ಹಾಸು ಬೆಳಕಿಗೆ ಬಂದಿತು. ಅದರ ಮೇಲೆ ಆದಿಮಾನವರು ಕಲ್ಲು ಕಿತ್ತು, ಒಡೆದು, ಆಯುಧ ಮಾಡಿದ ಗುರುತುಗಳು ಇದ್ದಲ್ಲಿಯೇ ಇದ್ದವು. ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ನೇತೃತ್ವದಲ್ಲಿ 1997ರಿಂದ 2001ರವರೆಗೆ ಅಲ್ಲಿ ಉತ್ಖನನ ನಡೆಯಿತು. ಪ್ರಾಣಿಗಳ ಹಲ್ಲುಗಳ ಪರೀಕ್ಷೆಯಿಂದ ಆ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಸೂಚಿಸಲಾಗಿದೆ. ಅರ್ಥಾತ್, ಮಣ್ಣು ತೆಗೆಯುವ ಕೆಲಸವೇ ಅತಿ ಪ್ರಾಚೀನವಾದ ಕಲ್ಲುಗಣಿಯೊಂದನ್ನು ತೋರಿಸಿಕೊಟ್ಟಿತು. ಅರಿತವರು ಸಕಾಲಕ್ಕೆ ನೋಡಿದುದರಿಂದ ಅದು ಜ್ಞಾನವಾಯಿತು. ನೋಡದೆ ಹೋಗಿದ್ದರೆ ಕಾಲುವೆಯ ಏರಿಯಲ್ಲಿ ಮಣ್ಣಾಗುತ್ತಿತ್ತು.

ಜೈನ ಇತಿಹಾಸವೂ ಈ ಪ್ರಾಚೀನ ನೆಲದ ಮೇಲೆಯೇ ನಿಂತಿದೆ. ಐಹೊಳೆಯ ಮೇಗುಟಿ ಗುಡ್ಡದ ಮೇಲೆ ರವಿಕೀರ್ತಿಯು 634ರಲ್ಲಿ ಕಟ್ಟಿಸಿದ ಜಿನಾಲಯವಿದೆ. ಅದೇ ಗುಡ್ಡದಲ್ಲಿ ಅದಕ್ಕಿಂತ ಎಷ್ಟೋ ಹಿಂದಿನ ಜನರು ತಮ್ಮ ಮೃತರಿಗಾಗಿ ಚಪ್ಪಡಿಗಲ್ಲುಗಳನ್ನು ನಿಲ್ಲಿಸಿ ಮಾಡಿದ ಕಲ್ಗೋರಿಗಳಿವೆ. ಜಿನಾಲಯವನ್ನು ಕಟ್ಟಿದವರು ಆ ಗೋರಿಗಳನ್ನು ಕಿತ್ತು ಬಸದಿಯ ಗೋಡೆಗೆ ಬಳಸಿಬಿಟ್ಟಿದ್ದರೆ ಇಂದು ಅವು ಅಲ್ಲಿ ಇರುತ್ತಿರಲಿಲ್ಲ. ಒಂದೇ ಬಂಡೆಯ ಮೇಲೆ ಎರಡು ಕಾಲಗಳ ಜನರು ನೆರೆಹೊರೆಯವರಂತೆ ಉಳಿದಿದ್ದಾರೆ.

ಸಂಗನಕಲ್ಲಿನ ಗುಡ್ಡಗಳು

ಕಲ್ಲುಗಣಿಯ ಎದುರಿನಲ್ಲಿ ಪುರಾತತ್ತ್ವಜ್ಞರು ನಡೆಸಿದ ಕ್ಷೇತ್ರಕಾರ್ಯಕ್ಕೆ ಕರ್ನಾಟಕದಲ್ಲಿ ಅತ್ಯಂತ ಸ್ಪಷ್ಟವಾದ ನಿದರ್ಶನ ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು. ಇಲ್ಲಿಯ ಕಲ್ಲು ವಿಜಯಪುರದ ಕರಿಕಲ್ಲಲ್ಲ, ಗ್ರಾನೈಟು. ಅದರ ನಡುವೆ ಕಪ್ಪು ಡೋಲರೈಟಿನ ಉದ್ದನೆಯ ಪಟ್ಟಿಯೊಂದು ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಈ ಗುಡ್ಡಗಳಲ್ಲಿ ನೂತನ ಶಿಲಾಯುಗದ ಕೊಡಲಿಗಳನ್ನು ಗುರುತಿಸಿದರು. ಅವು ಒಂದೆರಡಲ್ಲ, ಅರೆಬರೆ ಮಾಡಿದವು, ಮುರಿದವು, ಉಜ್ಜಿ ನಯಗೊಳಿಸಿದವು ಹೀಗೆ ಎಲ್ಲ ಹಂತದವೂ ಇದ್ದುದರಿಂದ ಅದು ಕೊಡಲಿ ತಯಾರಿಸುವ ಕಾರ್ಯಾಗಾರವೆಂದು ತಿಳಿಯಿತು. 1892ರಲ್ಲಿ ಅಲ್ಲಿಯ ಕಪ್ಪುಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಚಿತ್ರಗಳ ವಿಷಯ ಪ್ರಕಟವಾಯಿತು. ಉದ್ದ ಕೊಂಬಿನ ದನಗಳು, ಮನುಷ್ಯಾಕೃತಿಗಳು, ಕುಣಿಯುವ ಗುಂಪುಗಳು ಅಲ್ಲಿವೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ಡೆಕ್ಕನ್ ಕಾಲೇಜಿನ ಬೆಂಡಪೂಡಿ ಸುಬ್ಬರಾವ್ ಸಂಗನಕಲ್ಲಿನಲ್ಲಿ ಅಗೆತ ಕೈಗೊಂಡರು. ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಅವರ ಗ್ರಂಥ 1948ರಲ್ಲಿ ಪ್ರಕಟವಾಯಿತು. ಬಳಿಕ 1960ರ ದಶಕದಲ್ಲಿ ಮತ್ತೆ ಉತ್ಖನನ ನಡೆಯಿತು. ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ರಹಸ್ಯವೂ ಇದೇ ಕಾಲದಲ್ಲಿ ಬಿಡಿಸಿಕೊಂಡಿತು. ಅವು ರಾಕ್ಷಸರ ಚಿತಾಭಸ್ಮವೆಂದೂ ಋಷಿಗಳ ಯಜ್ಞಭಸ್ಮವೆಂದೂ ಜನ ನಂಬಿದ್ದರು. ಉತ್ನೂರಿನಲ್ಲಿ ರೇಮಂಡ್ ಆಲ್ಚಿನ್ ನಡೆಸಿದ ಉತ್ಖನನ, ಕಪ್ಪಗಲ್ಲಿನ ಬೂದಿಯನ್ನು ಕುರಿತು 1966ರಲ್ಲಿ ಪ್ರಕಟವಾದ ಮಜುಂದಾರ್ ಮತ್ತು ರಾಜಗುರು ಅವರ ಅಧ್ಯಯನ ಇವುಗಳಿಂದ ಅದು ದನದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟ ಬೂದಿಯೆಂಬುದು ಖಚಿತವಾಯಿತು. ಪಶುಪಾಲಕರ ದೊಡ್ಡಿಗಳ ಚರಿತ್ರೆ ಆ ಬೂದಿಯಲ್ಲಿತ್ತು.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಕೂಡಿ ಇಲ್ಲಿ ಹೊಸದಾಗಿ ಕ್ಷೇತ್ರಕಾರ್ಯ ಆರಂಭಿಸಿದರು. ಅಷ್ಟರಲ್ಲಿ ಗ್ರಾನೈಟು ಗಣಿಗಾರಿಕೆ ಗುಡ್ಡಗಳ ಬುಡಕ್ಕೆ ಬಂದಿತ್ತು. ಕಪ್ಪಗಲ್ಲಿನ ಚಿತ್ರಗಳನ್ನು ಕುರಿತು 2004ರಲ್ಲಿ ಬೊಯಿವಿನ್ ಪ್ರಕಟಿಸಿದ ಲೇಖನದ ನಂತರ ಈ ಅಪಾಯ ಹೊರಜಗತ್ತಿಗೂ ತಿಳಿಯಿತು. ಅದೇ ಲೇಖನ ಇನ್ನೊಂದು ವಿಸ್ಮಯವನ್ನೂ ಮುಂದಿಟ್ಟಿತು. ಅಲ್ಲಿಯ ಕೆಲವು ಬಂಡೆಗಳ ಮೇಲೆ ನಯವಾದ ಕುಳಿಗಳಿವೆ. ಆ ಕುಳಿಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಹೊಮ್ಮುತ್ತದೆ. ಸಾವಿರಾರು ವರ್ಷಗಳ ಹಿಂದಿನ ಜನರು ಆ ಬಂಡೆಗಳನ್ನು ವಾದ್ಯವಾಗಿ ಬಳಸಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಆ ನಾದ ಬಂಡೆಯ ಆಕಾರದಲ್ಲಿ, ಅದು ಕುಳಿತ ಭಂಗಿಯಲ್ಲಿ ಇದೆ. ಬಂಡೆಯನ್ನು ಕಿತ್ತು ವಸ್ತುಸಂಗ್ರಹಾಲಯಕ್ಕೆ ಒಯ್ದರೆ ಕಲ್ಲು ಉಳಿದೀತು, ನಾದ ಉಳಿಯುವ ಭರವಸೆಯಿಲ್ಲ. ಒಡೆದು ಜಲ್ಲಿ ಮಾಡಿದರೆ ಎರಡೂ ಇಲ್ಲ.

ಈ ಕ್ಷೇತ್ರಕಾರ್ಯದ ಫಲ ಚಿಕ್ಕದಲ್ಲ. ಸಣ್ಣರಾಚಮ್ಮ ಗುಡ್ಡದ ಬೂದಿ ಕ್ರಿ.ಪೂ. ಎರಡನೆಯ ಸಹಸ್ರಮಾನದ ಆರಂಭಕ್ಕೆ ಸೇರಿದುದೆಂದೂ, ಹಿರೇಗುಡ್ಡದ ಕೊಡಲಿ ತಯಾರಿಕೆ ಕ್ರಿ.ಪೂ. 1400ರಿಂದ 1200ರ ಸುಮಾರಿನಲ್ಲಿ ಉನ್ನತ ಸ್ಥಿತಿಯಲ್ಲಿತ್ತೆಂದೂ ಇಂಗಾಲದ ಕಾಲಗಣನೆಯಿಂದ ತಿಳಿಯಿತು. ಮಣ್ಣನ್ನು ನೀರಿನಲ್ಲಿ ಕಲಕಿ, ತೇಲಿಬಂದ ಕರಿಕಾದ ಬೀಜಗಳನ್ನು ಸೋಸಿ ನೋಡಿದಾಗ ಹುರುಳಿ, ಹೆಸರು, ಕೊರಲೆ ಮೊದಲಾದವು ಸಿಕ್ಕವು. ದಕ್ಷಿಣ ಭಾರತದ ರೈತ ತನ್ನದೇ ಕಾಳುಗಳಿಂದ ಬೇಸಾಯ ಆರಂಭಿಸಿದನೆಂಬ ವಾದಕ್ಕೆ ಈ ಸಾಸಿವೆಗಾತ್ರದ ಬೀಜಗಳು ಬಲವಾದ ಆಧಾರವಾದವು. ಅವನ್ನು ಹಿಡಿದಿಟ್ಟಿದ್ದುದು ಗಣಿಯ ಲೆಕ್ಕದಲ್ಲಿ ಬೆಲೆಯೇ ಇಲ್ಲದ ಮೇಲ್ಮಣ್ಣು. ಬಂಡೆಗೆ ದಾರಿಮಾಡಲು ಮೊದಲು ತಳ್ಳಿಹಾಕುವುದು ಅದನ್ನೇ. ಇಲ್ಲಿ ದೊರೆತ ವಸ್ತುಗಳಿಗಾಗಿಯೇ ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವೂ ಏರ್ಪಟ್ಟಿದೆ.

ಕ್ಷೇತ್ರಕಾರ್ಯದ ಕ್ರಮ

ಗಣಿಗೆ ಮುನ್ನ ನಡೆಯುವ ಪುರಾತತ್ತ್ವ ಕಾರ್ಯವೆಂದರೆ ನಿಧಿಶೋಧನೆಯೆಂಬ ಭ್ರಮೆ ಜನರಲ್ಲಿದೆ. ಅದರ ಮೊದಲ ಹಂತದಲ್ಲಿ ಅಗೆತವೇ ಇಲ್ಲ. ನಕ್ಷೆಯನ್ನು ಹಿಡಿದು, ಹೊಲವನ್ನು ಸಾಲುಸಾಲಾಗಿ ನಡೆದು, ನೆಲದ ಮೇಲೆ ಬಿದ್ದ ಮಡಕೆಚೂರು, ಕಲ್ಲಿನ ಚಕ್ಕೆ, ಇಟ್ಟಿಗೆತುಂಡು, ಬಣ್ಣ ಬದಲಾದ ಮಣ್ಣು ಇವನ್ನು ಗುರುತುಹಾಕಿಕೊಳ್ಳುವುದೇ ಆ ಹಂತ. ಊರ ಹಿರಿಯರನ್ನು ಕೇಳುವುದೂ ಅದರಲ್ಲಿ ಸೇರಿದೆ. ಹಾಳೂರಿನ ಹೆಸರು, ಹಳೆಯ ದಾರಿ, ಎಮ್ಮೆ ಮೇಯಿಸುವವನು ಕಂಡ ಬರೆಹದ ಕಲ್ಲು ಇವು ಯಾವ ಉಪಗ್ರಹದ ಚಿತ್ರಕ್ಕೂ ದೊರೆಯುವುದಿಲ್ಲ. ಗುರುತು ಸಿಕ್ಕಲ್ಲಿ ಚಿಕ್ಕ ಪರೀಕ್ಷಾಗುಂಡಿಗಳನ್ನು ತೆಗೆಯುತ್ತಾರೆ. ಮಣ್ಣಿನ ಪದರ ಎಷ್ಟು ಆಳ, ಯಾವ ಪದರದಲ್ಲಿ ಏನಿದೆ, ಅದು ಮೂಲಸ್ಥಾನದಲ್ಲಿದೆಯೋ ಮಳೆನೀರಿನಲ್ಲಿ ಕೊಚ್ಚಿಬಂದುದೋ ಎಂಬುದು ಅಲ್ಲಿ ತಿಳಿಯುತ್ತದೆ.

ಈ ಪರೀಕ್ಷೆಯ ನಂತರ ಮೂರು ದಾರಿಗಳಿವೆ. ನೆಲೆ ಮಹತ್ತ್ವದ್ದಾಗಿದ್ದರೆ ಗಣಿಯ ಎಲ್ಲೆಯನ್ನು ಸರಿಸಿ ಅದನ್ನು ಹಾಗೆಯೇ ಬಿಡುವುದು ಮೊದಲನೆಯದು. ಬಿಡಲಾಗದಿದ್ದರೆ ವಿಧಿವತ್ತಾಗಿ ಉತ್ಖನನ ನಡೆಸಿ, ಪ್ರತಿ ಪದರವನ್ನೂ ಅಳೆದು, ಚಿತ್ರಿಸಿ, ಬರೆದಿಡುವುದು ಎರಡನೆಯದು. ಏನೂ ಇಲ್ಲವೆಂದು ಖಚಿತವಾದರೆ ಅನುಮತಿ ಕೊಡುವುದು ಮೂರನೆಯದು. ಉತ್ಖನನವೂ ಒಂದು ಬಗೆಯ ನಾಶವೇ ಎಂಬುದನ್ನು ಪುರಾತತ್ತ್ವಜ್ಞರು ಮೊದಲಿನಿಂದಲೂ ಒಪ್ಪುತ್ತಾರೆ. ಬಿಚ್ಚಿದ ಪದರವನ್ನು ಮತ್ತೆ ಮುಚ್ಚಬಹುದು, ಮತ್ತೆ ಹೊಂದಿಸಲಾಗದು. ಆದುದರಿಂದಲೇ ಬರೆದಿಡುವ ಮತ್ತು ಪ್ರಕಟಿಸುವ ಹೊಣೆ ಅಗೆಯುವ ಹಕ್ಕಿನ ಜೊತೆಗೇ ಬರುತ್ತದೆ. ವರದಿ ಬರೆಯದ ಉತ್ಖನನಕ್ಕೂ ನೋಡದೆ ತೋಡಿದ ಗಣಿಗೂ ಫಲದಲ್ಲಿ ಹೆಚ್ಚಿನ ಅಂತರವಿಲ್ಲ.

ಹೊರನಾಡಿನ ರೀತಿ, ಈ ನಾಡಿನ ಕಾನೂನು

ಇಂಗ್ಲೆಂಡಿನಲ್ಲಿ 1990ರಲ್ಲಿ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಗಣಿ ತೆರೆಯುವವನಾಗಲಿ ಕಟ್ಟಡ ಕಟ್ಟುವವನಾಗಲಿ ಅನುಮತಿಯ ಹಂತದಲ್ಲಿಯೇ ಆ ನೆಲದ ಪುರಾತತ್ತ್ವ ಮಹತ್ತ್ವವನ್ನು ಪರೀಕ್ಷಿಸುವುದು ರೂಢಿಯಾಯಿತು. ಅದರ ವೆಚ್ಚವೂ ಅವನ ಮೇಲೆಯೇ ಬಿದ್ದಿತು. 2002ರಲ್ಲಿ ಮರಳು, ಹರಳು, ಜಲ್ಲಿಗಳ ಮೇಲೆ ವಿಶೇಷ ತೆರಿಗೆ ಜಾರಿಗೆ ಬಂದು, ಅದರ ಒಂದು ಪಾಲು 2011ರವರೆಗೆ ಗಣಿಪ್ರದೇಶಗಳ ಪರಿಸರಕ್ಕೂ ಪುರಾತತ್ತ್ವಕ್ಕೂ ಸಂದಿತು. ಸಸೆಕ್ಸ್ ಪ್ರಾಂತ್ಯದ ಬಾಕ್ಸ್‌ಗ್ರೋವ್ ಎಂಬ ಮರಳು ಹರಳುಗಳ ಗಣಿಯಲ್ಲಿ 1993ರಲ್ಲಿ ಸುಮಾರು 5 ಲಕ್ಷ ವರ್ಷ ಹಿಂದಿನ ಮಾನವನ ಕಾಲಿನ ಮೂಳೆ ದೊರೆಯಿತು. ಹತ್ತು ವರ್ಷಗಳ ಬಳಿಕ ಆ ನೆಲವನ್ನೇ ಸಾರ್ವಜನಿಕ ಹಣದಿಂದ ಕೊಂಡು ರಕ್ಷಿಸಲಾಯಿತು. ಆ ದೇಶದಲ್ಲಿ ಗಣಿಗಳು ನಿಲ್ಲಲಿಲ್ಲ, ರಸ್ತೆಗಳೂ ಆದವು. ಮೊದಲು ನೋಡಬೇಕೆಂಬ ನಿಯಮ ಮಾತ್ರ ಸೇರಿಕೊಂಡಿತು.

ಭಾರತದಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯೂ ಕರ್ನಾಟಕದಲ್ಲಿ 1961ರ ರಾಜ್ಯ ಕಾಯಿದೆಯೂ ಇವೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯವೆಂದೂ ಅದರಾಚೆಯ 200 ಮೀಟರು ನಿಯಂತ್ರಿತ ವಲಯವೆಂದೂ 1992ರಲ್ಲಿ ಅಧಿಸೂಚನೆ ಹೊರಟಿತು. 2010ರ ತಿದ್ದುಪಡಿ ಅದನ್ನು ಕಾಯಿದೆಯೊಳಗೇ ಸೇರಿಸಿತು. ಚಿಕ್ಕ ಗಾತ್ರದ ಉಪಖನಿಜ ಗಣಿಗಳಿಗೂ ಪರಿಸರ ಅನುಮತಿ ಅಗತ್ಯವೆಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ವಿಧಿಸಿತು. ಇವೆಲ್ಲ ಪ್ರಯೋಜನಕಾರಿಯಾದ ವ್ಯವಸ್ಥೆಗಳೇ. ಆದರೆ ಸ್ಮಾರಕ ಕಾಯಿದೆಯ ರಕ್ಷಣೆ ಪಟ್ಟಿಯಲ್ಲಿ ಹೆಸರಿರುವ ಸ್ಥಳಕ್ಕೆ ಮಾತ್ರ. ಪಟ್ಟಿಗೆ ಸೇರದ ಬೂದಿದಿಬ್ಬ, ಹೆಸರಿಲ್ಲದ ಕಲ್ಗೋರಿ, ಹೊಲದ ಬದುವಿನಲ್ಲಿ ಒರಗಿದ ನಿಸಿಧಿಗಲ್ಲು ಇವುಗಳಿಗೆ ಆ ಅಳತೆಯ ಮೀಟರುಗಳು ಅನ್ವಯಿಸುವುದಿಲ್ಲ. ಪ್ರತಿಯೊಂದು ಗಣಿ ಗುತ್ತಿಗೆಗೂ ಮುನ್ನ ಆ ನೆಲದಲ್ಲಿ ಪುರಾತತ್ತ್ವ ಸಮೀಕ್ಷೆ ನಡೆಯಲೇಬೇಕೆಂಬ ಸಾಮಾನ್ಯ ನಿಯಮ ಇಲ್ಲಿ ರೂಪುಗೊಂಡಿಲ್ಲ.

ಇದರಿಂದಾದ ನಷ್ಟವನ್ನು ಜೈನ ಸಮಾಜ ಪ್ರತ್ಯಕ್ಷವಾಗಿ ಕಂಡಿದೆ. ತಮಿಳುನಾಡಿನ ಮಧುರೆಯ ಸುತ್ತಣ ಗುಡ್ಡಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಮುನಿಗಳು ತಂಗುತ್ತಿದ್ದ ಕಲ್ಹಾಸಿಗೆಗಳೂ ತಮಿಳು ಬ್ರಾಹ್ಮೀ ಲಿಪಿಯ ಶಾಸನಗಳೂ ಇವೆ. ಕೀಳವಳವು ಮೊದಲಾದೆಡೆ ಗ್ರಾನೈಟು ಗಣಿಗಾರಿಕೆ ಆ ಗುಡ್ಡಗಳನ್ನು ಸುತ್ತುವರಿಯಿತು. ಜಿಲ್ಲಾಧಿಕಾರಿ ಯು. ಸಗಾಯಂ 2012ರಲ್ಲಿ ಸಲ್ಲಿಸಿದ ವರದಿಯ ನಂತರ ಆ ಅಕ್ರಮಗಳು ದೇಶದ ಗಮನಕ್ಕೆ ಬಂದವು. ಕರ್ನಾಟಕದಲ್ಲಿ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಇಂಥದೇ ಇನ್ನೊಂದು ಉದಾಹರಣೆ. ಗಂಗರ ಕಾಲದಿಂದ ಜೈನ ಕ್ಷೇತ್ರವಾಗಿದ್ದ ಆ ಊರನ್ನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಕೊಟ್ಟನೆಂದು ಅಲ್ಲಿಯ ಶಾಸನ ತಿಳಿಸುತ್ತದೆ. ಬೆಟ್ಟದ ಮೇಲೆ ಬಾಹುಬಲಿಯ ಪ್ರಾಚೀನ ಮೂರ್ತಿಯಿದೆ. ಸುತ್ತಮುತ್ತ ನಡೆದ ಕಲ್ಲುಗಣಿಗಾರಿಕೆಯ ವಿರುದ್ಧ ದೂರುಗಳು ಎದ್ದಿದ್ದ ಕಾಲದಲ್ಲಿಯೇ ಸವಣಪ್ಪನ ಬೆಟ್ಟದಲ್ಲಿ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಕೈಗೊಂಡಿತು. ಆಗ ಬಸದಿಗಳ ತಳಪಾಯಗಳ ಜೊತೆಗೆ ಇನ್ನೊಂದು ಬಾಹುಬಲಿ ಮೂರ್ತಿಯೂ ಮಣ್ಣಿನೊಳಗಿನಿಂದ ಹೊರಬಂದಿತು. ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದ ಜಿನಬಿಂಬ ಅದು. ಸಿಡಿಮದ್ದು ಅಲ್ಲಿಗೆ ಮೊದಲು ತಲುಪಿದ್ದರೆ ಅಂಥದೊಂದು ಇತ್ತೆಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ.

ವಿಜಯಪುರದ ಜೈನರಿಗೆ ಈ ಮಾತು ಹೊಸದಲ್ಲ. ನಗರದ ದರ್ಗಾ ಪ್ರದೇಶದ ಬಸದಿಯಲ್ಲಿ ಪೂಜೆಗೊಳ್ಳುತ್ತಿರುವ ಸಹಸ್ರಫಣಿ ಪಾರ್ಶ್ವನಾಥನ ಮೂರ್ತಿ ನೆಲದಡಿಯಲ್ಲಿ ಹುದುಗಿದ್ದು ಬೆಳಕಿಗೆ ಬಂದುದೆಂದೇ ಸಮಾಜ ನಂಬಿಕೊಂಡು ಬಂದಿದೆ.

ಜಿನಶಾಸನದ ದೃಷ್ಟಿ

ಮಣ್ಣು ಕಲ್ಲುಗಳು ಜಡವಸ್ತುಗಳೆಂಬುದು ಲೋಕದ ಎಣಿಕೆ. ಜಿನಾಗಮ ಅವನ್ನು ಪೃಥ್ವೀಕಾಯ ಜೀವಗಳ ಆಶ್ರಯವೆಂದು ಕಂಡಿತು. ಮೂಲಾಚಾರವು ಪೃಥ್ವಿಯ 36 ಭೇದಗಳನ್ನು ಎಣಿಸುವಾಗ ಮರಳು, ಶರ್ಕರಾ ಎಂದರೆ ಹರಳುಗಲ್ಲು, ಉಪಲ, ಶಿಲೆ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಹೆಸರಿಸುತ್ತದೆ. ಗರಸನ್ನು ಕೂಡ ಹೆಸರಿಟ್ಟು ಎಣಿಸಿದ ದೃಷ್ಟಿ ಅದು. ಶ್ವೇತಾಂಬರ ಪರಂಪರೆಯ ಉಪಾಸಕದಶಾಂಗದಲ್ಲಿ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳ ಪಟ್ಟಿಯಿದೆ. ಭೂಮಿಯನ್ನೂ ಕಲ್ಲನ್ನೂ ಒಡೆದು ಜೀವಿಸುವ ಸ್ಫೋಟಕರ್ಮ ಅದರಲ್ಲಿ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸುತ್ತಾರೆ. ಅಗೆಯುವ ಸಾಧನಗಳನ್ನು ಹಿಂಸೆಗೆಂದು ಒದಗಿಸುವುದು ಹಿಂಸಾದಾನ. ಪ್ರಯೋಜನವಿಲ್ಲದೆ ನೆಲ, ನೀರು, ಬೆಂಕಿ, ಗಾಳಿಗಳನ್ನು ಕಲಕುವುದು ಪ್ರಮಾದಚರ್ಯೆ.

ಇಲ್ಲಿ ಗಮನಿಸಬೇಕಾದ ಪದ ಪ್ರಮಾದ. ಆಚಾರ್ಯರು ಗೃಹಸ್ಥನಿಗೆ ನೆಲವನ್ನು ಮುಟ್ಟಲೇಬೇಡವೆನ್ನಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ವೃತ್ತಿಗಳನ್ನು ಆದಿನಾಥನೇ ಕಲಿಸಿದನೆಂದು ಪುರಾಣ ಹೇಳುತ್ತದೆ. ಉದ್ಯೋಗದಿಂದ ಬರುವ ಹಿಂಸೆಯನ್ನು ಸಂಕಲ್ಪಪೂರ್ವಕ ಹಿಂಸೆಯಿಂದ ಶಾಸ್ತ್ರ ಬೇರ್ಪಡಿಸುತ್ತದೆ. ಆದರೆ ಅನಿವಾರ್ಯವೆಂಬ ಮಾತು ಅಜಾಗರೂಕತೆಗೆ ಪರವಾನಗಿಯಾಗದು. ಎಷ್ಟು ಬೇಕು, ಎಲ್ಲಿ ಬೇಕು, ಅಲ್ಲಿ ಏನಿದೆ ಎಂದು ವಿಚಾರಿಸದೆ ಮಾಡಿದ ಕಾರ್ಯವೇ ಪ್ರಮಾದ. ಮುನಿಗಳಿಗೆ ವಿಧಿಸಿದ ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ: ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವುದು. ನಾಲ್ಕನೆಯದು ಆದಾನನಿಕ್ಷೇಪಣ ಸಮಿತಿ: ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಪರೀಕ್ಷಿಸುವುದು. ಸಾಲುಸಾಲಾಗಿ ನೆಲ ನೋಡುತ್ತ ನಡೆಯುವ ಸಮೀಕ್ಷಕನೂ, ಮಡಕೆಚೂರನ್ನು ಎತ್ತುವ ಮುನ್ನ ಅದರ ಸ್ಥಾನವನ್ನು ಅಳೆದು ಬರೆಯುವ ಉತ್ಖನಕನೂ ಈ ಸಮಿತಿಗಳನ್ನು ಓದಿರದಿದ್ದರೂ ಅವುಗಳ ಲೌಕಿಕ ರೂಪವನ್ನು ಆಚರಿಸುತ್ತಾರೆ.

ಇನ್ನೊಂದು ವ್ರತವೂ ಇಲ್ಲಿ ಸಲ್ಲುತ್ತದೆ. ಕೊಡದುದನ್ನು ತೆಗೆದುಕೊಳ್ಳದಿರುವುದು ಅಚೌರ್ಯ. ಗುತ್ತಿಗೆದಾರನು ರಾಜಧನ ಕಟ್ಟಿ ಪಡೆಯುವುದು ಕಲ್ಲನ್ನು. ಕಲ್ಲಿನ ಮೇಲೆ ಇರುವ ಮೂರು ಸಾವಿರ ವರ್ಷಗಳ ಸಾಕ್ಷ್ಯವನ್ನು ಅವನಿಗೆ ಯಾರೂ ಮಾರಿಲ್ಲ. ಮಾರುವ ಅಧಿಕಾರವೂ ಯಾರಿಗೂ ಇಲ್ಲ. ಅದು ಗತಿಸಿದವರದೂ ಮುಂದೆ ಹುಟ್ಟುವವರದೂ ಆದ ಸೊತ್ತು.

ಒಂದು ಆಕ್ಷೇಪ

ಈ ವಾದಕ್ಕೆ ನ್ಯಾಯವಾದ ಆಕ್ಷೇಪವೊಂದಿದೆ. ಹಿರೇಗುಡ್ಡದ ಹಳೆಯ ಕೊಡಲಿ ಕಾರ್ಯಾಗಾರಕ್ಕೆ ಕಲ್ಲು ಒದಗಿದ್ದೂ ಬಂಡೆಯನ್ನು ಒಡೆದೇ ಅಲ್ಲವೆ? ಶ್ರವಣಬೆಳಗೊಳದ ಗೊಮ್ಮಟ, 1432ರ ಕಾರ್ಕಳದ ಮೂರ್ತಿ, 1604ರ ವೇಣೂರಿನ ಮೂರ್ತಿ ಎಲ್ಲವೂ ಬಂಡೆಯನ್ನು ಕಡಿದೇ ಆದವಲ್ಲವೆ? ಇಂದಿಗೂ ಹೊಸ ಬಸದಿಗೆ ಅಡಿಗಲ್ಲಿಡುವ ಸಮಾಜ ಕಲ್ಲುಗಣಿಯನ್ನು ನಿಂದಿಸುವುದು ಹೇಗೆ? ಅದಕ್ಕೂ ಮಿಗಿಲಾಗಿ, ಜಲ್ಲಿ ಒಡೆದು ಹೊಟ್ಟೆಹೊರೆಯುವ ಕುಟುಂಬಗಳ ಅನ್ನವನ್ನು ಕಿತ್ತುಕೊಂಡು ಸತ್ತವರ ಮಡಕೆಚೂರುಗಳನ್ನು ಕಾಯುವುದು ಯಾವ ಅಹಿಂಸೆ?

ಮೊದಲ ಮಾತಿಗೆ ಉತ್ತರ ಪರಿಮಾಣದಲ್ಲಿದೆ. ಗೊಮ್ಮಟನ ಶಿಲ್ಪಿ ಬೆಟ್ಟವನ್ನು ಮೊದಲು ನೋಡಿದನು, ಬಂಡೆಯ ಗುಣ ಅರಿತನು, ಬೇಕಾದಷ್ಟನ್ನೇ ಕಡಿದನು. ಬೆಟ್ಟ ಇಂದಿಗೂ ಬೆಟ್ಟವಾಗಿಯೇ ಇದೆ. ಕೊಡಲಿ ಮಾಡಿದವರು ನೂರಾರು ವರ್ಷ ಕಲ್ಲು ತೆಗೆದ ಮೇಲೂ ಹಿರೇಗುಡ್ಡ ಉಳಿದಿತ್ತು. ಆದರೂ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕಲ್ಲನ್ನು ಬಳಸುವ ಸಮಾಜ ಕಲ್ಲು ತೆಗೆಯುವವನ ಮೇಲೆ ಮಾತ್ರ ಪಾಪವನ್ನು ಹೊರಿಸುವಂತಿಲ್ಲ; ಬಳಸುವವನೂ ಅದರಲ್ಲಿ ಭಾಗಿ.

ಎರಡನೆಯ ಮಾತು ಇನ್ನೂ ಭಾರವಾದುದು. ಕಲ್ಲು ಒಡೆಯುವ ಕುಟುಂಬಗಳ ಬದುಕು ಈಗಾಗಲೇ ಕಷ್ಟದ್ದು. ಕಲ್ಲಿನ ದೂಳು ಅವರ ಶ್ವಾಸಕೋಶವನ್ನು ತಿನ್ನುತ್ತದೆ, ಸಿಡಿತಗಳು ಅವರ ಕೈಕಾಲು ಕಸಿಯುತ್ತವೆ. ಅವರ ಕೂಲಿಯನ್ನು ನಿಲ್ಲಿಸುವ ರಕ್ಷಣೆ ಧರ್ಮವೆನಿಸದು. ಗಣಿಗೆ ಮುನ್ನ ಸಮೀಕ್ಷೆ ನಡೆಸಬೇಕೆನ್ನುವುದರ ನಿಜವಾದ ಬಲ ಇಲ್ಲಿಯೇ ಇದೆ. ಗುತ್ತಿಗೆ ಕೊಡುವ ಮೊದಲೇ ನೋಡಿದರೆ ಎಲ್ಲೆ ಸರಿಸಲು ಅವಕಾಶವಿರುತ್ತದೆ, ಬೇರೆ ಬಂಡೆ ಆರಿಸಬಹುದು, ಯಾರ ಕೆಲಸವೂ ನಿಲ್ಲುವುದಿಲ್ಲ. ಯಂತ್ರ ನಿಂತು, ಸಾಲ ಬೆಳೆದು, ಕೂಲಿಕಾರರು ಬಂದು ಬೀಡುಬಿಟ್ಟ ಮೇಲೆ ನೆಲೆ ಪತ್ತೆಯಾದರೆ ಆಗ ಮಾತ್ರ ಅನ್ನಕ್ಕೂ ಇತಿಹಾಸಕ್ಕೂ ಜಗಳ ಹುಟ್ಟುತ್ತದೆ. ತಡವಾಗಿ ನೋಡುವುದರ ಬೆಲೆಯನ್ನು ಸಾಮಾನ್ಯವಾಗಿ ತೆರುವವನು ಅತ್ಯಂತ ಬಡವನೇ.

ಶ್ರಾವಕರ ಹೊಣೆ

ಕಾನೂನು ಬದಲಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಗಣಿ ಗುತ್ತಿಗೆಯ ಅರ್ಜಿ ಬಂದಾಗ ಕಂದಾಯ, ಅರಣ್ಯ ಇಲಾಖೆಗಳ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಆ ಹಂತದಲ್ಲಿ ಊರಿನವರು ತಮಗೆ ತಿಳಿದ ಹಾಳೂರು, ಕಲ್ಗೋರಿ, ಶಾಸನ, ನಿಸಿಧಿಗಲ್ಲುಗಳ ವಿವರವನ್ನು ಸರ್ವೆ ನಂಬರಿನೊಡನೆ ಬರೆದುಕೊಟ್ಟರೆ ಅದಕ್ಕೆ ಬೆಲೆಯುಂಟು. ಆದರೆ ಬರೆದುಕೊಡಬೇಕಾದರೆ ಮೊದಲು ಬರೆದಿಟ್ಟಿರಬೇಕು. ಭೂತನಾಳದ ಸುತ್ತಲಾಗಲಿ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಾಗಲಿ ಗರಸಿನ ಗುಂಡಿ ತೆರೆಯುವ ಮುನ್ನ ಆ ಮಡ್ಡಿಯನ್ನು ನಾಲ್ಕಾರು ಜನ ತಿಳಿದವರು ಒಮ್ಮೆ ನಡೆದು ನೋಡುವುದಕ್ಕೆ ಒಂದು ದಿನ ಸಾಕು. ಪಾಠಶಾಲೆಯ ಮಕ್ಕಳಿಗೆ ಹಳಗನ್ನಡ ಅಕ್ಷರಗಳನ್ನು ಗುರುತಿಸಲು ಕಲಿಸಿದರೆ, ಊರ ಕಲ್ಲುಗಳ ಪಟ್ಟಿಯನ್ನು ಬಸದಿಯ ದಫ್ತರದಲ್ಲಿ ಇಟ್ಟರೆ, ಸಿಕ್ಕ ವಸ್ತುವನ್ನು ಮನೆಗೆ ಒಯ್ಯದೆ ಇಲಾಖೆಗೆ ತಿಳಿಸಿದರೆ, ಅದೇ ದೊಡ್ಡ ಕೆಲಸ. ಈ ಪಟ್ಟಿಯಲ್ಲಿ ಜಿನಬಿಂಬದ ಪಕ್ಕದಲ್ಲಿಯೇ ವೀರಗಲ್ಲೂ ಗೋರಿಯೂ ಬೂದಿದಿಬ್ಬವೂ ಇರಬೇಕು. ತನ್ನದನ್ನು ಮಾತ್ರ ಕಾಯುವುದು ಪರಿಗ್ರಹದ ಇನ್ನೊಂದು ಮುಖವೇ ಆದೀತು. ಮೇಗುಟಿಯ ಗುಡ್ಡದ ಮೇಲೆ ಬಸದಿಯ ಹಿಂದೆ ಉಳಿದ ಕಲ್ಗೋರಿಗಳು ಹೇಳುವುದೂ ಇದನ್ನೇ.

ಹಾಗೆಯೇ, ಬಸದಿಯೊ ಧರ್ಮಶಾಲೆಯೊ ಕಟ್ಟುವ ಸಮಿತಿಗಳು ಕಲ್ಲು ಖಡಿಗಳನ್ನು ತರಿಸುವಾಗ ಅದು ಎಲ್ಲಿಯ ಕಲ್ಲು, ಪರವಾನಗಿ ಇದೆಯೆ, ಅಲ್ಲಿ ಹಳೆಯ ಗುರುತುಗಳಿದ್ದವೆ ಎಂದು ಕೇಳುವ ರೂಢಿಯನ್ನು ಇಟ್ಟುಕೊಳ್ಳಬಹುದು. ಪಾತ್ರೆಯ ನೀರನ್ನು ಸೋಸದೆ ಕುಡಿಯದ ಸಮಾಜಕ್ಕೆ ಈ ಪ್ರಶ್ನೆ ಕಠಿಣವೆನಿಸಬಾರದು. ನೀರಿಗೆ ಬಟ್ಟೆ ಹಿಡಿದು ನೋಡುವವರು ನೆಲಕ್ಕೆ ಕಣ್ಣು ಹಿಡಿದು ನೋಡುವುದನ್ನೂ ವ್ರತದ ಭಾಗವೆಂದು ಎಣಿಸಿದರೆ, ಅಗೆಯಲೇಬೇಕಾದಲ್ಲಿ ಅಗೆತ ನಡೆದೀತು, ಉಳಿಯಬೇಕಾದುದು ಉಳಿದೀತು.